ಕಾರ್ಬನ್ ತೆಗೆಸಬೇಕಾ? ಮೊದಲು ಪ್ಲಗ್ ಬಿಚ್ಚಿ ನೋಡಿ

ಕಳೆದ ದೀಪಾವಳಿ ಹೊತ್ತಿಗೆ ತೀರ್ಥಹಳ್ಳಿ ಕಡೆಯಿಂದ ಭಾವ ಫೋನ್ ಮಾಡಿದರು. "ಎಂತ ಮಾರಾಯ, ಹುಲ್ಲು ಹೊಡೆಯೋ ಮಿಷನ್ ಸ್ಟಾರ್ಟ್ ಆಗ್ತದೆ, ಆದ್ರೆ ರೇಸ್ ಏರೋದೇ ಇಲ್ಲ. ಅಂಗಡಿಯವ ಪಿಸ್ಟನ್ನು, ಬ್ಲಾಕು ಎರಡೂ ಹೋಗಿದೆ ಅಂತಾನೆ. ಹೊಸದೇ ತಗೊಳ್ಳಿ ಅಂತಾನೆ."

ಅದೇ ವಾರ ಶಿವಮೊಗ್ಗದಲ್ಲಿ ನನ್ನ ಸ್ಕೂಟರನ್ನು ಸರ್ವಿಸ್‌ಗೆ ಬಿಟ್ಟಿದ್ದೆ. ವಾಪಸ್ ತರುವಾಗ ಬಿಲ್ಲಿನಲ್ಲಿ ನಾನು ಕೇಳದ ಒಂದು ಸಾಲು ಇತ್ತು: ಕಾರ್ಬನ್ ಕ್ಲೀನಿಂಗ್. ಯಾಕೆ ಮಾಡಿದಿರಿ ಎಂದರೆ "ಎಲ್ಲಾ ಗಾಡಿಗೂ ಮಾಡ್ತೀವಿ ಸಾರ್, ರೊಟೀನು" ಎಂದರು. ಕಿಡಿ ಹಾರಿಸುವ ಪ್ಲಗ್ ಬಿಚ್ಚಿ ನೋಡಿದಿರಾ ಎಂದರೆ ಉತ್ತರ ಇಲ್ಲ.

ಆಮೇಲೆ ಗೊತ್ತಾಗಿದ್ದು ಏನೆಂದರೆ, ಕಾರ್ಬನ್ ತೆಗೆಯಲೇಬೇಕಾಗಿದ್ದ ಮಿಷನ್‌ಗೆ ಹೊಸ ಪಿಸ್ಟನ್ ಹೇಳಿದ್ದರು, ಏನೂ ಬೇಡದಿದ್ದ ಸ್ಕೂಟರ್‌ಗೆ ಕಾರ್ಬನ್ ತೆಗೆದ ಬಿಲ್ ಹಾಕಿದ್ದರು. ಎರಡೂ ಕಡೆ ಒಳಗೆ ಏನಿದೆ ಅಂತ ಯಾರೂ ಇಣುಕಿ ನೋಡಿರಲಿಲ್ಲ. ಇಣುಕಿ ನೋಡೋದು ಹೇಗೆ, ನೋಡಿದ ಮೇಲೆ ಏನು ಮಾಡಬೇಕು ಅನ್ನೋದನ್ನು ಬರೆಯುತ್ತಿದ್ದೇನೆ. ಸ್ಕೂಟರ್, ಬೈಕ್, ಕಳೆ ಮಿಷನ್, ಔಷಧಿ ಹೊಡೆಯುವ ಪಂಪು, ಮರ ಕೊಯ್ಯುವ ಮಿಷನ್, ಇಷ್ಟಕ್ಕೂ ಇದು ನಡೆಯುತ್ತದೆ.

ಹಂಡೆ ಮತ್ತು ಹಸಿ ಸೌದೆ

ಮಲೆನಾಡಿನವರಿಗೆ ಕಾರ್ಬನ್ ಅಂದರೇನು ಅಂತ ಹೇಳಿಕೊಡಬೇಕಾಗಿಲ್ಲ. ಬಚ್ಚಲ ಒಲೆಗೆ ಹಸಿ ಸೌದೆ ತುರುಕಿದರೆ ಹಂಡೆಯ ತಳಕ್ಕೆ ಮಸಿ ಕಟ್ಟುತ್ತದೆ. ಒಣ ಸೌದೆ, ಒಳ್ಳೆ ಗಾಳಿ ಇದ್ದರೆ ಮಸಿ ಕಡಿಮೆ. ಎಂಜಿನ್ ಒಳಗೂ ಇದೇ ಕಥೆ. ಪೆಟ್ರೋಲ್ ಅಥವಾ ಆಯಿಲ್ ಪೂರ್ತಿ ಉರಿಯದೆ ಉಳಿದಿದ್ದು ಪಿಸ್ಟನ್ ತಲೆ, ವಾಲ್ವ್, ಪ್ಲಗ್, ಸೈಲೆನ್ಸರ್‌ಗೆ ಅಂಟಿಕೊಳ್ಳುತ್ತದೆ.

ಸೌದೆ ಹಸಿಯಾಗಿಯೇ ಇರುವಾಗ ಹಂಡೆ ಉಜ್ಜಿ ಏನು ಪ್ರಯೋಜನ? ನಾಳೆ ಮತ್ತೆ ಮಸಿ. ಅದಕ್ಕೇ ಕಾರ್ಬನ್ ಕಂಡ ಕೂಡಲೇ ತೆಗೆಯೋಕೆ ಓಡಬೇಡಿ. ಅದು ಎಲ್ಲಿಂದ ಬಂತು ಅಂತ ಹುಡುಕಿ. ತೆಳ್ಳಗಿನ ಒಣ ಪದರ ಯಾವ ಎಂಜಿನ್‌ನಲ್ಲೂ ಇದ್ದೇ ಇರುತ್ತದೆ. ಅದರಿಂದ ಏನೂ ಆಗುವುದಿಲ್ಲ.

ಹಾಗಾದರೆ ಹಿಂದಿನವರು ವರ್ಷಕ್ಕೊಮ್ಮೆ ಎಂಜಿನ್ ಮೇಲಿನ ಮುಚ್ಚಳ, ಅಂದರೆ ಹೆಡ್ ಬಿಚ್ಚಿ ಕಾರ್ಬನ್ ಉಜ್ಜುತ್ತಿದ್ದರಲ್ಲ? ಅವರು ಮಾಡಿದ್ದು ಆಗಿನ ಮಟ್ಟಿಗೆ ಸರಿ. ಆಗಿನ ಯೆಜ್ಡಿ, ಆರ್‌ಎಕ್ಸ್ 100 ಎಲ್ಲ ಟೂ ಸ್ಟ್ರೋಕ್ ಗಾಡಿಗಳು. ಪೆಟ್ರೋಲ್ ಜೊತೆ ಆಯಿಲ್ ಕೂಡ ಉರಿಯಬೇಕು. ಆಗಿನ ಪೆಟ್ರೋಲ್‌ನಲ್ಲಿ ಸೀಸ ಇರುತ್ತಿತ್ತು, ಅದೂ ಒಳಗೆ ಪದರ ಕಟ್ಟುತ್ತಿತ್ತು. ದೇಶದಲ್ಲಿ ಸೀಸದ ಪೆಟ್ರೋಲ್ ಪೂರ್ತಿ ನಿಂತಿದ್ದು 2000ದ ಫೆಬ್ರವರಿಯಲ್ಲಿ. ಇನ್ನು ತೋಟದ ಸೀಮೆಎಣ್ಣೆ ಪಂಪುಗಳ ಮಸಿಯಂತೂ ಕೇಳೋದೇ ಬೇಡ. ಸೈಲೆನ್ಸರ್ ಬಿಚ್ಚಿ ಬೆಂಕಿಗೆ ಹಾಕಿ ಸುಡುತ್ತಿದ್ದುದನ್ನು ನೋಡಿದವರು ಈಗಲೂ ಇದ್ದಾರೆ.

ಈಗಿನ ಸ್ಕೂಟರ್, ಬೈಕ್‌ಗಳು ಫೋರ್ ಸ್ಟ್ರೋಕ್, ಇವುಗಳಲ್ಲಿ ಆಯಿಲ್ ಪೆಟ್ರೋಲ್ ಜೊತೆ ಉರಿಯಬೇಕಾಗಿಲ್ಲ. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 (ಹೊಗೆ ಮಿತಿಯ ಸರ್ಕಾರಿ ನಿಯಮ) ಗಾಡಿಗಳಲ್ಲಿ ಹೆಚ್ಚುಕಡಿಮೆ ಎಲ್ಲದಕ್ಕೂ ಪೆಟ್ರೋಲ್, ಗಾಳಿ ಬೆರೆಸುವ ಕಾರ್ಬ್ಯುರೇಟರ್ ಬದಲು ಇಂಜೆಕ್ಷನ್. ಅದು ಸೆನ್ಸರ್ ಲೆಕ್ಕದ ಮೇಲೆ ಪೆಟ್ರೋಲ್ ಅಳೆದು ಚಿಮ್ಮುತ್ತದೆ. ಆ ಪೆಟ್ರೋಲ್ ಒಳಗೆ ಹೋಗುವ ವಾಲ್ವ್‌ನ ಹಿಂಬದಿಗೆ ಬಿದ್ದು ಅದನ್ನು ತೊಳೆಯುತ್ತಲೇ ಇರುತ್ತದೆ. ವಾಲ್ವ್ ಮೇಲೆ ಕಪ್ಪು ಗಟ್ಟಿ ಗಟ್ಟಿ ಕಟ್ಟಿದ್ದನ್ನು ಅಕ್ರೋಟಿನ ಸಿಪ್ಪೆಯ ಪುಡಿ ಹೊಡೆದು ತೆಗೆಯುವ ವಿಡಿಯೊ ನೋಡಿರುತ್ತೀರಿ ಅಲ್ವಾ? ಅದು ಪೆಟ್ರೋಲನ್ನು ನೇರ ಸಿಲಿಂಡರ್‌ಗೇ ಚಿಮ್ಮುವ ಕಾರುಗಳ ತೊಂದರೆ. ಆ ವಿಡಿಯೊ ತೋರಿಸಿ ಸ್ಕೂಟರ್‌ಗೆ ದುಡ್ಡು ಕೇಳಿದರೆ ನಕ್ಕು ಸುಮ್ಮನಾಗಿ.

ಮೊದಲ ಹೆಜ್ಜೆ: ತೊಂದರೆ ಇದೆಯಾ?

ಗಾಡಿ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆ, ಏರು ಹತ್ತುತ್ತದೆ, ಮೈಲೇಜ್ ಮೊದಲಿನಷ್ಟೇ ಇದೆ, ಹೊಗೆ ಇಲ್ಲ. ಹಾಗಿದ್ದರೆ ಇಲ್ಲಿಗೇ ನಿಲ್ಲಿಸಿ. ಏನೂ ಮಾಡಬೇಡಿ. ಒಂದೇ ಒಂದು ಮಾತು: ನಿಮ್ಮ ಮಿಷನ್ನಿನ ಕೈಪಿಡಿಯಲ್ಲಿ ಇಷ್ಟು ಗಂಟೆಗೊಮ್ಮೆ ಕಾರ್ಬನ್ ತೆಗೆಯಿರಿ ಅಂತ ಬರೆದಿದ್ದರೆ ಅದನ್ನು ಪಾಲಿಸಿ. ಪಂಪ್‌ಸೆಟ್, ಜನರೇಟರಿನ ಕೆಲವು ಎಂಜಿನ್‌ಗಳಿಗೆ ನೂರಾರು ಗಂಟೆ ಓಡಿದ ಮೇಲೆ ಇದನ್ನು ಹೇಳಿರುತ್ತಾರೆ. ಔಷಧಿ ಹೊಡೆಯೋಕೆ ಮಾತ್ರ ಬಳಸುವ ಪಂಪು ಆ ಲೆಕ್ಕ ಮುಟ್ಟೋಕೆ ಎಷ್ಟೋ ವರ್ಷ ಬೇಕು.

ತೊಂದರೆ ಇದ್ದರೆ ಅದು ಯಾವ ಥರ ಅಂತ ಗಮನಿಸಿ. ಫೋರ್ ಸ್ಟ್ರೋಕ್‌ನಲ್ಲಿ ನಿಜವಾಗಿ ಕಾರ್ಬನ್ ಜಾಸ್ತಿಯಾದರೆ ಆಗುಂಬೆ ಘಾಟಿಯಂಥ ಏರಿನಲ್ಲಿ ಟಾಪ್ ಗೇರ್‌ನಲ್ಲಿ ಎಳೆದಾಗ ಒಳಗಿಂದ ಟಿಣ್ ಟಿಣ್ ಅಂತ ಲೋಹ ತಟ್ಟಿದ ಸದ್ದು ಬರಬಹುದು. ಕಾರ್ಬ್ಯುರೇಟರ್ ಇರುವ ಹಳೇ ಎಂಜಿನ್‌ಗಳು ಕೀ ಆಫ್ ಮಾಡಿದ ಮೇಲೂ ಎರಡು ಸಲ ಡುಗ್ ಡುಗ್ ಎಂದು ನಿಲ್ಲಬಹುದು. ಒಳಗೆ ಕೆಂಡದ ಹಾಗೆ ಕಾದಿರುವ ಕಾರ್ಬನ್ನೇ ಪ್ಲಗ್ ಕೆಲಸ ಮಾಡುತ್ತಿರುತ್ತದೆ. ಆದರೆ ಎಂಜಿನ್ ವಿಪರೀತ ಕಾದರೂ, ಪೆಟ್ರೋಲ್ ಕಡಿಮೆ ಹೋಗುತ್ತಿದ್ದರೂ ಇವೇ ಲಕ್ಷಣಗಳು. ಸದ್ದು ಕೇಳಿದ ಮಾತ್ರಕ್ಕೆ ತೀರ್ಮಾನ ಮಾಡಬೇಡಿ.

ಟೂ ಸ್ಟ್ರೋಕ್‌ನಲ್ಲಿ ಲಕ್ಷಣ ಇನ್ನೂ ಸ್ಪಷ್ಟ. ಸ್ಟಾರ್ಟ್ ಆಗುತ್ತದೆ, ನಿಂತಲ್ಲಿ ಚೆನ್ನಾಗಿ ಓಡುತ್ತದೆ, ಎಕ್ಸಲೇಟರ್ ಒತ್ತಿದರೆ ಮಾತ್ರ ಗೊರ ಗೊರ ಎನ್ನುತ್ತದೆ, ಏರುವುದಿಲ್ಲ. ಭಾವನ ಮಿಷನ್‌ಗೆ ಆಗಿದ್ದು ಇದೇ. ಪಿಸ್ಟನ್ ಹೋದ ಮಿಷನ್ ಅಷ್ಟು ಸಲೀಸಾಗಿ ಸ್ಟಾರ್ಟ್ ಆಗಿ ಓಡುವುದು ಅಪರೂಪ ಎಂದು ಫೋನಿನಲ್ಲೇ ಅನುಮಾನ ಬಂದಿತ್ತು.

ಎರಡನೇ ಹೆಜ್ಜೆ: ಪೆಟ್ರೋಲ್ ಮತ್ತು ಗಾಳಿ

ನಮ್ಮ ಕಡೆ ಕಾರ್ಬನ್ ಮೇಲೆ ಬೀಳುವ ಅಪವಾದದಲ್ಲಿ ಅರ್ಧಕ್ಕರ್ಧ ನೀರಿನದ್ದು. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲ್‌ನಲ್ಲಿ 20 ಶೇಕಡಾದಷ್ಟು ಎಥನಾಲ್ ಇರುತ್ತದೆ. ಎಥನಾಲ್ ತೇವ ಎಳೆದುಕೊಳ್ಳುತ್ತದೆ. ತೇವ ಜಾಸ್ತಿಯಾದರೆ ನೀರು, ಎಥನಾಲ್ ಎರಡೂ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಕೂರುತ್ತವೆ. ಮಳೆಗಾಲದಲ್ಲಿ ಉಪ್ಪಿನ ಭರಣಿಯೇ ನೀರು ಬಿಡುವ ಊರು ನಮ್ಮದು. ಕೊಟ್ಟಿಗೆಯ ಮೂಲೆಯಲ್ಲಿ ಅರ್ಧ ಟ್ಯಾಂಕ್ ಪೆಟ್ರೋಲ್ ಜೊತೆ ಮೂರು ತಿಂಗಳು ಬಿದ್ದಿದ್ದ ಮಿಷನ್ ಹೊರಗೆ ತೆಗೆದ ದಿನ ಹೇಗೆ ಓಡುತ್ತದೆ ಹೇಳಿ?

ಆದ್ದರಿಂದ ಮೊದಲು ಹಳೇ ಪೆಟ್ರೋಲ್ ಒಂದು ಗಾಜಿನ ಬಾಟಲಿಗೆ ಸುರಿಯಿರಿ. ಹತ್ತು ನಿಮಿಷ ಬಿಡಿ. ತಳದಲ್ಲಿ ಬೇರೆ ಪದರ ಕಂಡರೆ, ಬಣ್ಣ ಮಬ್ಬಾಗಿದ್ದರೆ, ವಾರ್ನಿಷ್ ಥರ ವಾಸನೆ ಬಂದರೆ ಅದನ್ನು ಮತ್ತೆ ಹಾಕಬೇಡಿ. ಹೊಸ ಪೆಟ್ರೋಲ್ ಹಾಕಿ ಓಡಿಸಿ ನೋಡಿ. ಇದೊಂದರಿಂದಲೇ ಸರಿಹೋದ ಮಿಷನ್‌ಗಳಿಗೆ ಲೆಕ್ಕ ಇಲ್ಲ.

ಆಮೇಲೆ ಏರ್ ಫಿಲ್ಟರ್. ಅದು ಕಟ್ಟಿಕೊಂಡರೆ ಗಾಳಿ ಸಾಲದೆ ಪೆಟ್ರೋಲ್ ಜಾಸ್ತಿಯಾಗಿ ಮಸಿ ಬರುತ್ತದೆ. ಸ್ಪಂಜಿನ ಫಿಲ್ಟರ್ ಆದರೆ ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಕಾಗದದ್ದಾದರೆ ತೊಳೆಯಬೇಡಿ, ಬದಲಾಯಿಸಿ. ಬೋರ್ಡೋ ದ್ರಾವಣ ಹೊಡೆಯುವ ಪಂಪಿನಲ್ಲಿ ಸುಣ್ಣ, ಮೈಲುತುತ್ತದ ಸಿಂಚನ ಫಿಲ್ಟರ್ ಮೇಲೂ ಬಿದ್ದಿರುತ್ತದೆ, ಎಂಜಿನ್ನಿನ ಬಿಸಿ ಆರಿಸುವ ರೆಕ್ಕೆಗಳ ಸಂದಿಯಲ್ಲೂ ಕೂತಿರುತ್ತದೆ. ಕಳೆ ಮಿಷನ್ ಆದರೆ ಆ ಸಂದಿಗೆ ಹುಲ್ಲು ಮೆತ್ತಿಕೊಂಡಿರುತ್ತದೆ. ರೆಕ್ಕೆಗೆ ಗಾಳಿ ಸಿಗದಿದ್ದರೆ ಎಂಜಿನ್ ಕಾಯುತ್ತದೆ, ಕಾದರೆ ಆಯಿಲ್ ಸುಟ್ಟು ಪಿಸ್ಟನ್ ಸುತ್ತಲಿನ ರಿಂಗ್ ಹಿಡಿದುಕೊಳ್ಳುತ್ತದೆ. ಹಲ್ಲುಜ್ಜುವ ಹಳೇ ಬ್ರಷ್ ಸಾಕು, ಐದು ನಿಮಿಷದ ಕೆಲಸ. ಸ್ಟಾರ್ಟ್ ಮಾಡುವಾಗ ಗಾಳಿ ಕಡಿಮೆ ಮಾಡುವ ಚೋಕ್ ಎಳೆದದ್ದು ವಾಪಸ್ ಹೋಗಿದೆಯಾ ಅಂತಲೂ ನೋಡಿ. ನಗಬೇಡಿ, ನಾನೇ ಅರ್ಧ ದಿನ ಚೋಕ್‌ನಲ್ಲೇ ಹುಲ್ಲು ಹೊಡೆದಿದ್ದೇನೆ.

ಮೂರನೇ ಹೆಜ್ಜೆ: ಪ್ಲಗ್ಗಿನ ಬಣ್ಣ

ಈ ಬರಹದಲ್ಲಿ ಒಂದೇ ಒಂದು ಕೆಲಸ ಮಾಡಿ ಬಿಡೋದಾದರೆ ಇದನ್ನು ಮಾಡಿ. ಎಂಜಿನ್ನನ್ನು ಹತ್ತು ಹದಿನೈದು ನಿಮಿಷ ಲೋಡ್ ಕೊಟ್ಟು ಓಡಿಸಿ. ಐಡಲ್‌ನಲ್ಲಿ ಬಿಡದೆ ತಕ್ಷಣ ಆಫ್ ಮಾಡಿ. ನಿಂತಲ್ಲೇ ಓಡಿದರೆ ಯಾವ ಪ್ಲಗ್ಗಾದರೂ ಸ್ವಲ್ಪ ಕಪ್ಪಾಗುತ್ತದೆ, ಅದು ಲೆಕ್ಕಕ್ಕಿಲ್ಲ. ಎಂಜಿನ್ ಆರಿದ ಮೇಲೆ ಪ್ಲಗ್ ಸುತ್ತಲಿನ ಮಣ್ಣು ಊದಿ ತೆಗೆದು, ಆಮೇಲೆ ಬಿಚ್ಚಿ. ಬಿಸಿ ಇರುವಾಗ ಬಿಚ್ಚಿದರೆ ಅಲ್ಯೂಮಿನಿಯಂ ಹೆಡ್ಡಿನ ಮರೆ (ಥ್ರೆಡ್) ಕಿತ್ತು ಬರಬಹುದು.

ಹಗಲು ಬೆಳಕಲ್ಲಿ ತುದಿಯ ಪಿಂಗಾಣಿ ನೋಡಿ. ಬಿಸ್ಕತ್ತಿನ ಬಣ್ಣ ಅಥವಾ ತಿಳಿ ಬೂದು ಇದ್ದರೆ ಎಂಜಿನ್ ಆರೋಗ್ಯವಾಗಿದೆ. ಕಾರ್ಬನ್ ಕ್ಲೀನಿಂಗ್ ಮಾತೇ ಬೇಡ. ಕೈಗೆ ಮೆತ್ತುವ ಒಣ ಮಸಿ ಇದ್ದರೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಫಿಲ್ಟರ್, ಚೋಕ್, ಕಾರ್ಬ್ಯುರೇಟರ್ ಸರಿ ಮಾಡಿ, ಪ್ಲಗ್ ಒರೆಸಿ ಹಾಕಿ, ಒಂದು ಟ್ಯಾಂಕ್ ಓಡಿಸಿ ಮತ್ತೆ ನೋಡಿ. ಬಿಳಿ ಬಿಳಿಯಾಗಿ ಗುಳ್ಳೆ ಎದ್ದಿದ್ದರೆ ವಿಪರೀತ ಕಾಯುತ್ತಿದೆ. ಆಗ ಓಡಿಸೋದು ನಿಲ್ಲಿಸಿ ಮೆಕ್ಯಾನಿಕ್‌ಗೆ ತೋರಿಸಿ.

ಒದ್ದೆಯಾಗಿ, ಜಿಡ್ಡಾಗಿ, ಕಪ್ಪಾಗಿದ್ದರೆ ಅದು ಆಯಿಲ್. ಟೂ ಸ್ಟ್ರೋಕ್ ಆದರೆ ಪೆಟ್ರೋಲ್ ಜೊತೆ ಬೆರೆಸುವ ಟೂ ಟಿ ಆಯಿಲ್ ಅಳತೆ ತಪ್ಪಿದೆ. ಫೋರ್ ಸ್ಟ್ರೋಕ್ ಆದರೆ ರಿಂಗ್ ಅಥವಾ ವಾಲ್ವ್ ಸೀಲ್ ಸವೆದು ಆಯಿಲ್ ಮೇಲೆ ಬರುತ್ತಿದೆ, ಸೈಲೆನ್ಸರ್‌ನಲ್ಲಿ ನೀಲಿ ಹೊಗೆಯೂ ಇರುತ್ತದೆ. ಇದಕ್ಕೆ ಕಾರ್ಬನ್ ಕ್ಲೀನಿಂಗ್ ಮಾಡಿಸೋದು ಹಸಿ ಸೌದೆ ಇಟ್ಟುಕೊಂಡು ಹಂಡೆ ಉಜ್ಜಿದ ಹಾಗೆಯೇ. ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಇಟ್ಟು ನೋಡಲು ಹೇಳಿ. ಕಡಿಮೆ ತೋರಿಸಿದರೆ ಪ್ಲಗ್ ತೂತಿನಲ್ಲಿ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಬೇಕು. ಆಗ ಏರಿದರೆ ಸವೆದಿರೋದು ರಿಂಗ್. ಏರದಿದ್ದರೆ ವಾಲ್ವ್ ಕಡೆ ಅನುಮಾನ. ವಾಲ್ವ್ ಕ್ಲಿಯರೆನ್ಸ್ (ವಾಲ್ವ್ ತುದಿಯಲ್ಲಿ ಬಿಡುವ ಸಣ್ಣ ಸಂದು) ಬಿಗಿಯಾಗಿದ್ದರೂ ಬೆಳಗಿನ ಚಳಿಗೆ ಸ್ಟಾರ್ಟ್ ಆಗದೆ ಸತಾಯಿಸುತ್ತದೆ. ಅದನ್ನೂ ಎಷ್ಟೋ ಜನ ಕಾರ್ಬನ್ ಲೆಕ್ಕಕ್ಕೇ ಬರೆಯುತ್ತಾರೆ.

ಹಾಲಿನ ಡೈರಿಗೆ ಒಂದು ಕಿಲೋಮೀಟರ್ ಹೋಗಿ ಬರುವಷ್ಟೇ ಓಡುವ ಸ್ಕೂಟರ್‌ಗೂ ಪ್ಲಗ್ ಕಪ್ಪಾಗುತ್ತದೆ. ಎಂಜಿನ್ ಕಾಯುವಷ್ಟರಲ್ಲಿ ಮನೆ ಬಂದಿರುತ್ತದೆ. ಮಳೆಗಾಲದಲ್ಲಿ ಆಯಿಲ್ ಮುಚ್ಚಳ ತೆಗೆದರೆ ಒಳಗೆ ಮಜ್ಜಿಗೆ ಬಣ್ಣದ ನೊರೆ ಕಾಣಬಹುದು. ಆಯಿಲ್ ಜೊತೆ ತೇವ ಸೇರಿದ್ದು ಅದು. ವಾರಕ್ಕೊಮ್ಮೆ ಅರ್ಧ ಗಂಟೆ ದೂರ ಓಡಿಸಿ, ಆಯಿಲ್ ಬೇಗ ಬದಲಾಯಿಸಿ. ಕಾದ ಎಂಜಿನ್ನನ್ನು ಏರಿನಲ್ಲಿ ಚೆನ್ನಾಗಿ ಎಳೆಸಿದರೆ ಹಗುರ ಮಸಿ ತಾನಾಗಿ ಸುಟ್ಟು ಹೋಗುತ್ತದೆ. ಗಟ್ಟಿ ಪದರ ಹೋಗೋದಿಲ್ಲ, ಅಂಥ ಭ್ರಮೆ ಬೇಡ.

ನಾಲ್ಕನೇ ಹೆಜ್ಜೆ: ಟೂ ಸ್ಟ್ರೋಕ್‌ನ ಜಾಲರಿ

ನಿಯಮಿತವಾಗಿ ಕಾರ್ಬನ್ ತೆಗೆಯಲೇಬೇಕು ಅಂತ ನಾನು ಹೇಳೋದು ಇದೊಂದು ಜಾಗದಲ್ಲಿ ಮಾತ್ರ. ಕಳೆ ಮಿಷನ್, ಮರ ಕೊಯ್ಯುವ ಮಿಷನ್‌ಗಳ ಸೈಲೆನ್ಸರ್ ಬಾಯಲ್ಲಿ ಸಣ್ಣ ತಂತಿ ಜಾಲರಿ ಇರುತ್ತದೆ. ಕಿಡಿ ಹೊರಗೆ ಹಾರದಂತೆ ತಡೆಯೋದು ಅದರ ಕೆಲಸ. ಅರೆಬೆಂದ ಆಯಿಲ್ ಎಲ್ಲ ಅಲ್ಲಿಗೇ ಬಂದು ಕೂರುತ್ತದೆ. ಜಾಲರಿ ಕಟ್ಟಿಕೊಂಡರೆ ಹೊಗೆ ಹೊರಗೆ ಹೋಗೋದಿಲ್ಲ. ಹೊಗೆ ಹೋಗದಿದ್ದರೆ ಹೊಸ ಗಾಳಿ ಒಳಗೆ ಬರೋದಿಲ್ಲ. ಮಿಷನ್ ಏರೋದಿಲ್ಲ.

ಭಾವನ ಮನೆಗೆ ಹೋದಾಗ ಅವರು ಜಗಲಿಯಲ್ಲಿ ಹಳೇ ಗೋಣಿ ಹಾಸಿ ಮಿಷನ್ ಮಲಗಿಸಿದ್ದರು. ಸೈಲೆನ್ಸರ್ ಬಾಯಿಯ ಎರಡು ಸ್ಕ್ರೂ ಬಿಚ್ಚಿ ಚಿಮಟದಲ್ಲಿ ಜಾಲರಿ ಎಳೆದೆ. ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ಅಗಲ. ತಂತಿ ಅಂತ ಗೊತ್ತಾಗುತ್ತಲೇ ಇರಲಿಲ್ಲ, ಬೆಲ್ಲದ ಪಾಕ ಸೀದು ಬಾಣಲೆಗೆ ಕಚ್ಚಿದ ಹಾಗೆ ಇತ್ತು. ಬೆಳಕಿಗೆ ಹಿಡಿದರೆ ಒಂದು ಮೂಲೆಯಲ್ಲಿ ಮಾತ್ರ ನಾಲ್ಕೈದು ತೂತು. "ಇಷ್ಟಕ್ಕಾ ಅವ ಪಿಸ್ಟನ್ ಹೇಳಿದ್ದು?" ಎಂದರು ಭಾವ.

ಅಡುಗೆಮನೆಯ ಗ್ಯಾಸಿಗೆ ಹಿಡಿಯೋಣ ಎಂದರೆ ಅಕ್ಕ ಬಿಡಲಿಲ್ಲ. ಬಚ್ಚಲ ಒಲೆಯ ಕೆಂಡಕ್ಕೆ ಹಾಕಿದೆವು. ಜಾಲರಿ ಕೆಂಪಗಾಗಿ ಆರಿದ ಮೇಲೆ ಕಾರ್ಬನ್ ಬೂದಿಯಾಗಿತ್ತು. ತಂತಿ ಬ್ರಷ್‌ನಲ್ಲಿ ನಾಲ್ಕು ಸಲ ಉಜ್ಜಿದರೆ ಉದುರಿಹೋಯಿತು. ಹಾಕಿ ಹಗ್ಗ ಎಳೆದರೆ ಹೊಸ ಮಿಷನ್ ಥರ ಏರಿತು.

ಜಾಲರಿ ಯಾಕೆ ಬೇಕು, ಕಿತ್ತು ಬಿಸಾಕಿದರೆ ಆಯ್ತಲ್ಲ ಎನ್ನುವವರು ಇದ್ದಾರೆ. ಬೇಡ. ಮಾರ್ಚ್ ತಿಂಗಳಲ್ಲಿ ಸೊಪ್ಪಿನ ಬೆಟ್ಟದ ದರಕಿಗೆ, ಅಂದರೆ ಒಣ ಎಲೆಗೆ, ಒಂದು ಕಿಡಿ ಸಾಕು. ಹರಿದಿದ್ದರೆ ಹೊಸದು ಹಾಕಿಸಿ, ದೊಡ್ಡ ಖರ್ಚಿನದಲ್ಲ.

ಜಾಲರಿ ಚೊಕ್ಕ ಮಾಡಿ ಹಾಕಿದರೂ ಏರದಿದ್ದರೆ ಸೈಲೆನ್ಸರ್ ಪೂರ್ತಿ ಬಿಚ್ಚಿ ಸಿಲಿಂಡರ್‌ನಲ್ಲಿ ಹೊಗೆ ಹೊರಬರುವ ತೂತು ನೋಡಿ. ಅದರ ಅಂಚಿಗೆ ಕಾರ್ಬನ್ ಕಟ್ಟಿದ್ದರೆ ಪ್ಲಗ್ ತೆಗೆದು, ಹಗ್ಗ ಮೆಲ್ಲಗೆ ಎಳೆದು, ಪಿಸ್ಟನ್ ಆ ತೂತನ್ನು ಪೂರ್ತಿ ಮುಚ್ಚುವ ಹಾಗೆ ನಿಲ್ಲಿಸಿ. ಆಮೇಲೆ ಬಿದಿರಿನ ಸೀಳಿನಿಂದ ಕೆರೆಯಿರಿ. ಸ್ಕ್ರೂಡ್ರೈವರ್ ಹಾಕಬೇಡಿ, ಪಿಸ್ಟನ್ ಮೇಲೆ ಒಂದು ಗೀರು ಬಿದ್ದರೂ ಕಷ್ಟ. ಉದುರಿದ ಪುಡಿ ಒಳಗೆ ಹೋಗದಂತೆ ಊದಿ ತೆಗೆಯಿರಿ. ತೂತಿನಿಂದ ಪಿಸ್ಟನ್ನಿನ ಮೈ ಕಾಣುತ್ತದೆ. ಅದರ ಮೇಲೆ ಉದ್ದುದ್ದ ಗೀರುಗಳಿದ್ದರೆ, ಹೌದು, ಅಂಗಡಿಯವ ಹೇಳಿದ್ದು ನಿಜ.

ಇನ್ನು ಹಸಿ ಸೌದೆ ವಿಷಯ. ಭಾವ ಆಯಿಲ್ ಹಾಕುತ್ತಿದ್ದುದು ಅಂದಾಜಿನ ಮೇಲೆ, "ಒಂದು ಮುಚ್ಚಳ ಜಾಸ್ತಿ ಇದ್ರೆ ಎಂಜಿನ್‌ಗೆ ಒಳ್ಳೇದೇ" ಅಂತ. ಕಡಿಮೆಯಾದರೆ ಎಂಜಿನ್ ಹಿಡಿದುಕೊಳ್ಳುತ್ತದೆ, ಅದು ಸರಿ. ಜಾಸ್ತಿಯಾದರೆ ಈ ಪಾಕ. ಕೈಪಿಡಿಯಲ್ಲಿ 50ಕ್ಕೆ 1 ಅಂತಿದ್ದರೆ ಲೀಟರ್ ಪೆಟ್ರೋಲ್‌ಗೆ 20 ಮಿ.ಲೀ., 40ಕ್ಕೆ 1 ಅಂದರೆ 25 ಮಿ.ಲೀ., 25ಕ್ಕೆ 1 ಅಂದರೆ 40 ಮಿ.ಲೀ. ಕೆಮ್ಮಿನ ಔಷಧಿಯ ಅಳತೆ ಮುಚ್ಚಳ ಇದಕ್ಕೆ ಹೇಳಿ ಮಾಡಿಸಿದ್ದು. ಟೂ ಟಿ ಡಬ್ಬದ ಹಿಂದೆ ಜಾಸೋ ಎಫ್‌ಡಿ (ಜಪಾನಿನ ಆಯಿಲ್ ಗುಣಮಟ್ಟದ ದರ್ಜೆ) ಅಂತ ಬರೆದಿದ್ದರೆ ಮಸಿ ಇನ್ನೂ ಕಡಿಮೆ. ಸ್ಕೂಟರ್‌ಗೆ ಹಾಕಿ ಉಳಿದ ಎಂಜಿನ್ ಆಯಿಲ್ ಬೆರೆಸೋದು ಮಾತ್ರ ಬೇಡವೇ ಬೇಡ, ಅದು ಬೂದಿ ಬಿಡುತ್ತದೆ.

ಐದನೇ ಹೆಜ್ಜೆ: ಒಳಗೆ ಕ್ಯಾಮೆರಾ ಬಿಟ್ಟು ನೋಡೋದು

ಫೋರ್ ಸ್ಟ್ರೋಕ್‌ನಲ್ಲಿ ಪ್ಲಗ್ ನೋಡಿದ ಮೇಲೂ ಅನುಮಾನ ಉಳಿದರೆ ಫೋನಿಗೆ ಸಿಕ್ಕಿಸುವ ವೈರಿನಂಥ ಎಂಡೋಸ್ಕೋಪ್ ಕ್ಯಾಮೆರಾ ತರಿಸಿಕೊಳ್ಳಿ. 5.5 ಮಿ.ಮೀ. ದಪ್ಪದ್ದು ಪ್ಲಗ್ ತೂತಿನಲ್ಲಿ ಸಲೀಸಾಗಿ ಇಳಿಯುತ್ತದೆ. ಪಿಸ್ಟನ್ ಕೆಳಗಿರುವಂತೆ ಮಾಡಿ ಬಿಡಿ. ಪಿಸ್ಟನ್ ತಲೆ ಮೇಲೆ ತೆಳು ಕಂದು, ಕಪ್ಪು ಬಣ್ಣ ಕಂಡರೆ ಗಾಬರಿ ಬೇಡ, ಅದು ಸಹಜ. ಒಣಗಿದ ಕೆರೆಯ ತಳದ ಹಾಗೆ ದಪ್ಪ ಪದರ ಸೀಳು ಬಿಟ್ಟು, ಚಕ್ಕೆ ಏಳುವಂತಿದ್ದರೆ, ಜೊತೆಗೆ ಮೊದಲು ಹೇಳಿದ ಸದ್ದೂ ಇದ್ದರೆ, ಆಗ ತೆಗೆಸಿ. ಬರೀ ಪದರ ಇದೆ, ತೊಂದರೆ ಇಲ್ಲ ಅಂದರೆ ಫೋಟೊ ತೆಗೆದಿಟ್ಟುಕೊಂಡು ಆರು ತಿಂಗಳು ಬಿಟ್ಟು ಹೋಲಿಸಿ.

ತೆಗೆಸೋದೇ ಆದರೆ ನನ್ನ ಮಟ್ಟಿಗೆ ಹೆಡ್ ಬಿಚ್ಚಿ, ಮರದ ಅಥವಾ ಪ್ಲಾಸ್ಟಿಕ್ ಪಟ್ಟಿಯಲ್ಲಿ ಕೆರೆದು, ಹೊಸ ಗ್ಯಾಸ್ಕೆಟ್ ಹಾಕೋದೇ ನಂಬುವಂಥ ದಾರಿ. ಬೇರೆ ಕಾರಣಕ್ಕೆ ಹೆಡ್ ಬಿಚ್ಚಿದಾಗ ಇದನ್ನೂ ಮುಗಿಸಿಕೊಳ್ಳಿ. ಪ್ಲಗ್ ತೂತಿನಿಂದ ಕ್ಲೀನರ್ ಬಿಟ್ಟು ನೆನೆಸುವ ವಿಧಾನವೂ ಇದೆ. ಅದನ್ನು ಮಾಡಿದರೆ ಪ್ಲಗ್ ಹಾಕುವ ಮೊದಲು ಕಿಕ್ ಹೊಡೆದು ಒಳಗಿನ ದ್ರವ ಪೂರ್ತಿ ಹೊರಹಾಕಬೇಕು. ಇಲ್ಲದಿದ್ದರೆ ಪಿಸ್ಟನ್ ಮೇಲೆ ಬಂದು ದ್ರವಕ್ಕೆ ಗುದ್ದಿ ಕನೆಕ್ಟಿಂಗ್ ರಾಡ್ ಬಾಗಬಹುದು. ಆ ಹೊತ್ತಲ್ಲಿ ಪ್ಲಗ್ ವೈರ್ ಕಿಡಿ ಹಾರಿಸದಂತೆ ದೂರ ಇಡಿ, ಹತ್ತಿರ ಬೀಡಿ ಸೇದುವವರು ಇರಬಾರದು. ಮುಗಿದ ಮೇಲೆ ಎಂಜಿನ್ ಆಯಿಲ್ ಬದಲಾಯಿಸಿ, ಕ್ಲೀನರ್ ಕೆಳಗೆ ಇಳಿದು ಆಯಿಲ್ ಸೇರಿರುತ್ತದೆ. ಬಿಎಸ್ 6 ಗಾಡಿಯಲ್ಲಿ ಇನ್ನೊಂದು ಅಪಾಯ ಇದೆ. ಸೈಲೆನ್ಸರ್ ಒಳಗೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮತ್ತು ಆಕ್ಸಿಜನ್ ಸೆನ್ಸರ್‌ಗೆ ಈ ಕೊಳೆ ಹೋಗಿ ಕೂತರೆ, ಉಳಿಸಿದ್ದಕ್ಕಿಂತ ಎಷ್ಟೋ ಪಟ್ಟು ಖರ್ಚು.

ಥ್ರಾಟಲ್ ಬಾಡಿ (ಎಂಜಿನ್‌ಗೆ ಗಾಳಿ ಬಿಡುವ ಬಾಗಿಲು) ಕ್ಲೀನಿಂಗ್ ಇದಕ್ಕಿಂತ ಬೇರೆ ಕೆಲಸ. ಇಂಜೆಕ್ಷನ್ ಗಾಡಿ ಸಿಗ್ನಲ್‌ನಲ್ಲಿ ನಿಂತಾಗ ಐಡಲ್ ಏರಿಳಿದು ಆಫ್ ಆಗುತ್ತಿದ್ದರೆ ಅದನ್ನು ಮಾಡಿಸಬಹುದು. ಬಿಲ್ಲಿನಲ್ಲಿ ಎರಡನ್ನೂ ಒಂದೇ ಹೆಸರಲ್ಲಿ ಬರೆಯುತ್ತಾರೆ, ಯಾವುದು ಮಾಡಿದ್ದು ಅಂತ ಕೇಳಿ.

ಸರ್ವಿಸ್‌ಗೆ ಬಿಡುವಾಗ

ನನ್ನ ಸ್ಕೂಟರಿನ ಪ್ಲಗ್ಗನ್ನು ಆ ಬಿಲ್ಲಿನ ಮಾರನೇ ದಿನ ಮನೆಯಲ್ಲೇ ಬಿಚ್ಚಿದೆ. ಅವರು ಪ್ಲಗ್ ಬದಲಾಯಿಸಿರಲೂ ಇಲ್ಲ, ಬಿಚ್ಚಿರಲೂ ಇಲ್ಲ, ಸುತ್ತ ಕೂತಿದ್ದ ಕೆಂಪು ಧೂಳು ಹಾಗೇ ಇತ್ತು. ತುದಿ ಅಚ್ಚುಕಟ್ಟಾದ ಬಿಸ್ಕತ್ ಬಣ್ಣ. ದುಡ್ಡು ವಾಪಸ್ ಕೇಳಲು ಹೋಗಲಿಲ್ಲ, ಕೇಳಬೇಕಿತ್ತು.

ಅಂದಿನಿಂದ ಜಾಬ್ ಕಾರ್ಡ್ ಮೇಲೆ ನನ್ನ ಕೈಯಲ್ಲೇ ಎರಡು ಸಾಲು ಬರೆಯುತ್ತೇನೆ: "ಕೇಳದೆ ಕಾರ್ಬನ್ ಕ್ಲೀನಿಂಗ್ ಮಾಡಬೇಡಿ. ಬದಲಾಯಿಸಿದ ಹಳೇ ಸಾಮಾನು ವಾಪಸ್ ಕೊಡಿ." ಬೇಕು ಎಂದು ಅವರಿಗೆ ಅನಿಸಿದರೆ ಪ್ಲಗ್ಗಿನ ಫೋಟೊ ವಾಟ್ಸಾಪ್ ಮಾಡಲು ಹೇಳುತ್ತೇನೆ. ಮೊದಲ ಸಲ ಹುಡುಗ ಮುಖ ಸಿಂಡರಿಸಿದ. ಈಗ ಗಾಡಿ ಬಿಟ್ಟ ಒಂದು ಗಂಟೆಗೆ ಫೋಟೊ ತಾನಾಗಿ ಬರುತ್ತದೆ.

ಭಾವನ ಕೊಟ್ಟಿಗೆಯ ಗೋಡೆಯಲ್ಲಿ ಮಿಷನ್ ತೂಗುಹಾಕಿದ ಮೊಳೆಯ ಪಕ್ಕ ಕೆಮ್ಮಿನ ಔಷಧಿಯ ಮುಚ್ಚಳವೂ ಒಂದು ದಾರದಲ್ಲಿ ನೇತಾಡುತ್ತಿದೆ. ಸೀಸನ್ ಮುಗಿದ ದಿನ ಟ್ಯಾಂಕ್ ಬರಿದು ಮಾಡಿ, ಉಳಿದ ಪೆಟ್ರೋಲ್ ಮುಗಿದು ತಾನಾಗಿ ನಿಲ್ಲುವ ತನಕ ಓಡಿಸಿ, ಜಾಲರಿ ಬಚ್ಚಲ ಒಲೆಗೆ ಹಾಕುತ್ತಾರೆ.